ತಲೆನೋವು, ಕಣ್ಣು ಮಂಜು, ಫಿಟ್ಸ್: ವಾಸಿಯಾಗುವ ಮಿದುಳಿನ ಊತವನ್ನು ವೇಳೆಗೆ ಗುರುತಿಸೋಣ



ವೈದ್ಯಕೀಯ ನೆರವು ಕೋರಿ ನಮ್ಮ ಸಂಘಕ್ಕೆ ಬರುವ ಅರ್ಜಿಗಳ ಜೊತೆ ಆಸ್ಪತ್ರೆಯ ಕಾಗದಗಳೂ ಇರುತ್ತವೆ. ಅವುಗಳಲ್ಲಿ ‘ಪ್ರೆಸ್’ ಎಂಬ ಪದ ಕಂಡರೆ ಮನೆಯವರು ದಿಗಿಲುಗೊಳ್ಳುತ್ತಾರೆ. “ಮಿದುಳು ಊದಿಕೊಂಡಿದೆ ಅಂದರು, ಇನ್ನು ಉಳಿಯುತ್ತಾರೆಯೇ?” ಎನ್ನುವುದೇ ಮೊದಲ ಪ್ರಶ್ನೆ. ಈ ಸಂಚಿಕೆಯ ಆರೋಗ್ಯ ಪಾಠ ಅದಕ್ಕೆ ಉತ್ತರ. ಈ ಊತ ಹೆಚ್ಚಿನವರಲ್ಲಿ ಇಳಿಯುತ್ತದೆ, ಹೋದ ದೃಷ್ಟಿಯೂ ಮರಳುತ್ತದೆ. ಆದರೆ ತಾನಾಗಿ ಇಳಿಯುತ್ತದೆಂದು ಕಾಯುತ್ತ ಕೂರುವ ಕಾಯಿಲೆ ಇದಲ್ಲ. ಯಾರಾದರೂ ವೇಳೆಗೆ ಗುರುತಿಸಬೇಕು. ಆ ‘ಯಾರಾದರೂ’ ಬಹಳ ಸಲ ಡಾಕ್ಟರಲ್ಲ, ಮನೆಯಲ್ಲಿರುವ ಅತ್ತೆ, ಗಂಡ, ಅಕ್ಕ ಅಥವಾ ಪಕ್ಕದ ಮನೆಯವರು.

ಒಂದು ಮನೆಯ ಉದಾಹರಣೆ

ಕಾಸಿಮೇಡಿನ ಮೀನುಗಾರಿಕೆ ಬಂದರಿನ ಹಿಂದಿನ ಬೀದಿಯಲ್ಲಿ ಒಂದು ಕನ್ನಡದ ಮನೆ ಇದೆಯೆಂದು ಇಟ್ಟುಕೊಳ್ಳಿ. ಇದು ಯಾರೊಬ್ಬರ ನಿಜಕಥೆಯಲ್ಲ, ಪಾಠಕ್ಕಾಗಿ ಹೆಣೆದದ್ದು. ಮನೆಯ ಯಜಮಾನನಿಗೆ ಬಂದರಿನಲ್ಲಿ ಐಸ್ ಸಾಗಿಸುವ ಕೆಲಸ. ಮೀನಿನ ಹರಾಜಿನ ಹೊತ್ತಿಗೆ ಇರಬೇಕಾದ್ದರಿಂದ ನಡುರಾತ್ರಿ ಕಳೆಯುತ್ತಲೇ ಮನೆ ಬಿಡುತ್ತಾನೆ. ಹೆಂಡತಿಗೆ ಹೆರಿಗೆಯಾಗಿ ಆರು ದಿನ. ಒಂಬತ್ತನೆಯ ತಿಂಗಳಲ್ಲಿ ಬಿ.ಪಿ. ಸ್ವಲ್ಪ ಏರಿತ್ತು. ಆಸ್ಪತ್ರೆಯಿಂದ ಕಳುಹಿಸುವಾಗ ಮಾತ್ರೆ ಬರೆದುಕೊಟ್ಟಿದ್ದರು. “ಮಗು ಆಯ್ತಲ್ಲ, ಇನ್ನೇಕೆ ಮಾತ್ರೆ? ಹಾಲಿಗೆ ಸೇರುತ್ತೆ” ಎಂದು ಮನೆಯಲ್ಲಿ ನಿಲ್ಲಿಸಿದರು.

ಆರನೆಯ ದಿನ ಬೆಳಿಗ್ಗೆ ಸೊಸೆ, “ಅತ್ತೆ, ತಲೆ ಸಿಡಿದು ಹೋಗ್ತಿದೆ” ಎಂದಳು. “ರಾತ್ರಿಯೆಲ್ಲ ಮಗು ಎಬ್ಬಿಸಿದ್ರೆ ತಲೆ ನೋಯದೆ ಇರುತ್ತೇನಮ್ಮ, ಸ್ವಲ್ಪ ಮಲಗು” ಎಂದರು ಅತ್ತೆ. ಮಧ್ಯಾಹ್ನ ಎರಡು ಸಲ ವಾಂತಿಯಾಯಿತು. ಉಂಡದ್ದು ಒಗ್ಗಿಲ್ಲವೆಂದುಕೊಂಡರು. ಸಂಜೆ ಟ್ಯೂಬ್‌ಲೈಟ್ ಉರಿಯುತ್ತಿರುವಾಗಲೇ ಆಕೆ, “ಅತ್ತೆ, ದೀಪ ಹಾಕಿ, ಕತ್ತಲಾಗಿದೆ” ಎಂದಳು. ಅತ್ತೆ ದೃಷ್ಟಿ ತೆಗೆಯಲು ಉಪ್ಪು ಮೆಣಸಿನಕಾಯಿ ತರುವಷ್ಟರಲ್ಲಿ ಸೊಸೆಯ ಕೈಕಾಲು ಸೆಟೆದು ಫಿಟ್ಸ್ ಬಂತು. ನೆರೆಯವರು ಓಡಿಬಂದು ಕೈಗೆ ಬೀಗದ ಕೈ ಗೊಂಚಲು ಕೊಟ್ಟರು.

ಒಂದೇ ದಿನದಲ್ಲಿ ಮೂರು ಸಲ ಕಾಯಿಲೆ ಬಾಗಿಲು ತಟ್ಟಿತ್ತು. ಬೆಳಿಗ್ಗೆ ತಲೆನೋವಾಗಿ, ಮಧ್ಯಾಹ್ನ ವಾಂತಿಯಾಗಿ, ಸಂಜೆ ಕತ್ತಲಾಗಿ. ಮೂರರಲ್ಲಿ ಒಂದು ಸಲವಾದರೂ ತೋಳಿಗೆ ಬಿ.ಪಿ. ಪಟ್ಟಿ ಕಟ್ಟಿದ್ದರೆ ನಾಲ್ಕನೆಯದು ಬಾರದಿರುವ ಸಂಭವ ಹೆಚ್ಚಿತ್ತು.

ಏನಿದು ಕಾಯಿಲೆ?

ಇದರ ಪೂರ್ಣ ಹೆಸರು ‘ಪೋಸ್ಟೀರಿಯರ್ ರಿವರ್ಸಿಬಲ್ ಎನ್‌ಸೆಫಲೋಪತಿ ಸಿಂಡ್ರೋಮ್’. ಮಿದುಳಿನ ಹಿಂಭಾಗದಲ್ಲಿ ಹೆಚ್ಚಾಗಿ ಕಾಣುವ, ಇಳಿದುಹೋಗಬಲ್ಲ ತೊಂದರೆ ಎಂದು ಅರ್ಥ. ಮೊದಲಕ್ಷರಗಳನ್ನು ಸೇರಿಸಿ ‘ಪ್ರೆಸ್’ ಎನ್ನುತ್ತಾರೆ. 1996ರಲ್ಲಿ ಜೂಡಿ ಹಿಂಚಿ ಮತ್ತು ಸಂಗಡಿಗರು ಹದಿನೈದು ರೋಗಿಗಳ ವಿವರವನ್ನು ಒಟ್ಟುಗೂಡಿಸಿ ಇದನ್ನೊಂದು ಪ್ರತ್ಯೇಕ ಲಕ್ಷಣಸಮೂಹವೆಂದು ತೋರಿಸಿದರು. ಆ ಹದಿನೈದು ಮಂದಿಯಲ್ಲಿ ಗರ್ಭಿಣಿ-ಬಾಣಂತಿಯರ ನಂಜಿನವರಿದ್ದರು, ಮೂತ್ರಪಿಂಡದ ಕಾಯಿಲೆಯಿಂದ ಬಿ.ಪಿ. ಏರಿದವರಿದ್ದರು, ಅಂಗ ಕಸಿಯಾದ ಮೇಲೆ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧ ತೆಗೆದುಕೊಳ್ಳುತ್ತಿದ್ದವರೂ ಇದ್ದರು. ಬೇರೆ ಬೇರೆ ಕಾರಣ, ಆದರೆ ಮಿದುಳಿನ ಚಿತ್ರ ಒಂದೇ ಬಗೆ.

ನಮ್ಮಲ್ಲಿ ಹಿಂದೆ ‘ಬಾಣಂತಿ ಸನ್ನಿ’ ಎಂಬ ಒಂದು ಮಾತಿನಲ್ಲಿ ಹಲವು ಕಾಯಿಲೆಗಳನ್ನು ಕಟ್ಟಿಹಾಕುತ್ತಿದ್ದರು. ಬಾಣಂತನದ ಮನೋರೋಗ, ಜ್ವರದ ಕನವರಿಕೆ, ನಂಜಿನ ಫಿಟ್ಸ್ ಎಲ್ಲವೂ ಅದರೊಳಗೆ. ಒಂದೊಂದಕ್ಕೂ ಚಿಕಿತ್ಸೆ ಬೇರೆ. ಆದ್ದರಿಂದ ಬಾಣಂತಿ ಅಸಂಬದ್ಧ ಮಾತಾಡಿದರೆ ಗಾಳಿ ಸೋಕಿದೆ ಎನ್ನುವ ಮೊದಲು ಬಿ.ಪಿ. ನೋಡಬೇಕು.

ಊತ ಹೇಗೆ ಬರುತ್ತದೆ? ನಲ್ಲಿಯ ನೀರನ್ನು ನೆನೆಯಿರಿ. ಮೇಲಿನ ತೊಟ್ಟಿಯಿಂದ ನೀರು ಜೋರಾಗಿ ಬಂದರೂ ನಲ್ಲಿ ತಿರುಗಿಸಿ ಹದಕ್ಕೆ ತಂದುಕೊಳ್ಳುತ್ತೇವೆ. ಮಿದುಳಿನ ಸಣ್ಣ ರಕ್ತನಾಳಗಳೂ ಹಾಗೆಯೇ. ಒತ್ತಡ ಏರಿದರೆ ತಾವು ಬಿಗಿದುಕೊಂಡು ಒಳಗಿನ ರಕ್ತದ ಹರಿವನ್ನು ಒಂದೇ ಹದದಲ್ಲಿಡುತ್ತವೆ. ಒತ್ತಡ ಮಿತಿಮೀರಿ, ಅದರಲ್ಲೂ ದಿಢೀರನೆ ಏರಿದರೆ ಆ ಬಿಗಿತ ಸೋಲುತ್ತದೆ. ನಾಳದ ಗೋಡೆಯಿಂದ ನೀರಿನಂಶ ಸುತ್ತಲಿನ ಮಿದುಳಿಗೆ ಜಿನುಗುತ್ತದೆ. ಗರ್ಭಿಣಿಯರ ನಂಜು, ಕೆಲವು ಔಷಧಗಳು ಮತ್ತು ರಕ್ತಕ್ಕೆ ಹರಡಿದ ಸೋಂಕು ಗೋಡೆಯನ್ನೇ ಕೆಡಿಸುವುದರಿಂದ ಬಿ.ಪಿ. ಅಷ್ಟೇನೂ ಏರದವರಲ್ಲೂ ಹೀಗಾಗಬಹುದು. ಇದು ಕೀವು ತುಂಬುವ ಬಾವಲ್ಲ, ಗಡ್ಡೆಯೂ ಅಲ್ಲ. ಬಟ್ಟೆ ನೀರು ಹೀರಿಕೊಂಡಂತೆ ಮಿದುಳು ನೆನೆದುಕೊಂಡಿರುತ್ತದೆ. ಜಿನುಗುವುದು ನಿಂತರೆ ನೀರು ಹಿಂದಕ್ಕೆ ಹೋಗುತ್ತದೆ.

ಹಿಂಭಾಗವೇ ಏಕೆ ಹೆಚ್ಚು ಸಿಕ್ಕಿಬೀಳುತ್ತದೆ? ರಕ್ತನಾಳಗಳನ್ನು ಬಿಗಿಯುವಂತೆ ಮಾಡುವ ನರಗಳ ರಕ್ಷಣೆ ಹಿಂಭಾಗದ ನಾಳಗಳಿಗೆ ಕಡಿಮೆ. ನಾವು ನೋಡಿದ್ದನ್ನು ಅರ್ಥಮಾಡಿಕೊಳ್ಳುವ ಕೇಂದ್ರ ಇರುವುದೂ ಅಲ್ಲಿಯೇ. ಆದ್ದರಿಂದಲೇ ಕಣ್ಣು ಸರಿಯಿದ್ದರೂ ನೋಟ ಹೋಗುತ್ತದೆ. ನಮ್ಮ ಉದಾಹರಣೆಯ ಸೊಸೆಯ ಕಣ್ಣಿಗೆ ಟಾರ್ಚ್ ಹಿಡಿದರೆ ಪಾಪೆ ಸರಿಯಾಗಿಯೇ ಕಿರಿದಾಗುತ್ತಿತ್ತು. “ಕಣ್ಣು ಚೆನ್ನಾಗಿದೆಯಲ್ಲ, ನಾಟಕ ಮಾಡ್ತಿದ್ದಾಳೆ” ಎಂದು ಯಾರೂ ತಿಳಿಯಬಾರದು. ಕನ್ನಡಕದ ಅಂಗಡಿಗೆ ಕರೆದೊಯ್ದು ಹೊತ್ತು ಕಳೆಯಲೂಬಾರದು.

ಯಾರು ಎಚ್ಚರದಿಂದಿರಬೇಕು?

ಒಂದು: ಗರ್ಭಿಣಿಯರು, ಐದನೆಯ ತಿಂಗಳ ನಂತರ. ಹೆರಿಗೆಯಾದ ಮೇಲೆ ಆರು ವಾರಗಳವರೆಗೂ. ಹೆರಿಗೆಯ ನಂತರ ಮೂರರಿಂದ ಆರನೆಯ ದಿನದ ನಡುವೆ ಬಿ.ಪಿ. ಮತ್ತೆ ಏರುವುದುಂಟು. ಆ ಹೊತ್ತಿಗೆ ಬಾಣಂತಿ ಮನೆಗೆ ಬಂದಿರುತ್ತಾಳೆ, ಎಲ್ಲರ ಕಣ್ಣೂ ಮಗುವಿನ ಮೇಲಿರುತ್ತದೆ. ಕಷ್ಟ ಆಗುವುದು ಅಲ್ಲೇ.

ಎರಡು: ಹಳೆಯ ಬಿ.ಪಿ. ರೋಗಿಗಳು. ಮಾತ್ರೆ ಮುಗಿದು, ಊರಿಗೆ ಹೋಗಿ, ಮದುವೆ ಗಡಿಬಿಡಿಯಲ್ಲಿ ನಾಲ್ಕಾರು ದಿನ ತಪ್ಪಿಸಿದವರು.

ಮೂರು: ಮೂತ್ರಪಿಂಡ ಕೆಟ್ಟವರು, ಡಯಾಲಿಸಿಸ್ ತಪ್ಪಿಸಿದವರು.

ನಾಲ್ಕು: ಕಸಿ ಮಾಡಿಸಿಕೊಂಡು ಸೈಕ್ಲೋಸ್ಪೋರಿನ್ ಅಥವಾ ಟ್ಯಾಕ್ರೋಲಿಮಸ್ ತೆಗೆದುಕೊಳ್ಳುವವರು, ಕೆಲವು ಕ್ಯಾನ್ಸರ್ ಔಷಧಗಳಲ್ಲಿರುವವರು. ಇವರು ಔಷಧವನ್ನು ತಾವಾಗಿ ನಿಲ್ಲಿಸಬಾರದು. ಬದಲಿಸುವುದು ವೈದ್ಯರ ಕೆಲಸ.

ಐದು: ಮಕ್ಕಳು. ಗಂಟಲು ನೋವು ಅಥವಾ ಕಜ್ಜಿ-ಹುಣ್ಣು ಆಗಿ ಒಂದೆರಡು ವಾರದ ಮೇಲೆ ಮುಖ ಊದಿ, ಮೂತ್ರ ಕಡಿಮೆಯಾಗಿ, ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಮೂತ್ರಪಿಂಡಕ್ಕೆ ಉರಿಯೂತ ಬಂದಿರಬಹುದು. ಅಂಥ ಮಗುವಿಗೂ ಬಿ.ಪಿ. ಏರಿ ಫಿಟ್ಸ್ ಬರುತ್ತದೆ. ಮಕ್ಕಳಿಗೆಲ್ಲಿಯ ಬಿ.ಪಿ. ಎಂದು ನಗಬೇಡಿ.

ಗುರುತಿಸುವುದು ಹೇಗೆ?

ನಾಲ್ಕು ಲಕ್ಷಣ ನೆನಪಿಡಿ: ಮಾತ್ರೆಗೆ ಜಗ್ಗದ ತಲೆನೋವು, ಕಣ್ಣು ಮಂಜಾಗುವುದು ಅಥವಾ ಕತ್ತಲಾಗುವುದು, ಮಂಕು ಅಥವಾ ಗೊಂದಲದ ಮಾತು, ಫಿಟ್ಸ್. ವಾಂತಿ ಜೊತೆಗಿರಬಹುದು. ಗರ್ಭಿಣಿ-ಬಾಣಂತಿಯರಲ್ಲಿ ಮುಖ ಮತ್ತು ಕೈ ಊತ, ಮೇಲ್ಹೊಟ್ಟೆಯ ನೋವು, ಮೂತ್ರ ಕಡಿಮೆಯಾಗುವುದು ಇವೂ ಎಚ್ಚರಿಕೆಯ ಗಂಟೆಗಳೇ. ಹೊಟ್ಟೆನೋವೆಂದು ಜೀರಿಗೆ ಕಷಾಯ ಕುಡಿಸಿ ಮಲಗಿಸಬೇಡಿ.

ಬಿ.ಪಿ. ನೋಡುವಾಗ ಐದು ನಿಮಿಷ ಸುಮ್ಮನೆ ಕೂರಿಸಿ. ಬೆನ್ನಿಗೆ ಆಸರೆ ಇರಲಿ, ಪಾದ ನೆಲದ ಮೇಲಿರಲಿ. ತೋಳಿನ ಬಟ್ಟೆ ಸರಿಸಿ ಪಟ್ಟಿ ಕಟ್ಟಿ, ತೋಳು ಎದೆಯ ಮಟ್ಟದಲ್ಲಿರಲಿ. ಸ್ವಲ್ಪ ಬಿಟ್ಟು ಎರಡನೆಯ ಸಲವೂ ನೋಡಿ, ಎರಡನ್ನೂ ವೇಳೆಯ ಸಹಿತ ಬರೆದಿಡಿ. ಗರ್ಭಿಣಿ-ಬಾಣಂತಿಯರಲ್ಲಿ 140/90 ಅಥವಾ ಮೇಲಿದ್ದರೆ ಅಂದೇ ಡಾಕ್ಟರಿಗೆ ತೋರಿಸಬೇಕು. 160/110 ಮುಟ್ಟಿದರೆ ಆ ಕ್ಷಣ ಹೊರಡಬೇಕು. ಮೇಲಿನ ಲಕ್ಷಣಗಳಿದ್ದು ಅಂಕಿ ಕಡಿಮೆ ಬಂದರೂ ಹೊರಡಬೇಕು. ಅಂಕಿ ನೋಡಿ ಧೈರ್ಯ ತೆಗೆದುಕೊಂಡು ಲಕ್ಷಣವನ್ನು ಮರೆಯಬಾರದು.

ಫಿಟ್ಸ್ ಬಂದ ಕ್ಷಣ

ಕೈಗೆ ಕಬ್ಬಿಣ ಕೊಟ್ಟರೆ ಫಿಟ್ಸ್ ನಿಲ್ಲುವುದಿಲ್ಲ. ಹೆಚ್ಚಿನ ಫಿಟ್ಸ್ ಒಂದೆರಡು ನಿಮಿಷದಲ್ಲಿ ತಾನೇ ನಿಲ್ಲುವುದರಿಂದ ಹೆಸರು ಬೀಗದ ಕೈಗೆ ಬರುತ್ತದೆ. ಎಡಮಗ್ಗುಲಿಗೆ ಹೊರಳಿಸಿ, ಜೊಲ್ಲು-ವಾಂತಿ ಹೊರಕ್ಕೆ ಹರಿಯಲಿ. ಬಾಯಿಗೆ ಚಮಚ, ಬಟ್ಟೆ, ನೀರು ಏನನ್ನೂ ಹಾಕಬೇಡಿ. ಅದುಮಿ ಹಿಡಿಯಬೇಡಿ. ತಲೆಯ ಕೆಳಗೆ ಮಡಿಸಿದ ಸೀರೆ ಇಡಿ. ಗಡಿಯಾರ ನೋಡಿ. ಒಬ್ಬರು 108ಕ್ಕೆ ಫೋನ್ ಮಾಡಿ. ಬಿ.ಪಿ. ಮಾತ್ರೆಯನ್ನು ನಾಲಿಗೆಯ ಕೆಳಗೆ ಇಡುವುದೂ ಬೇಡ. ಒತ್ತಡ ಒಮ್ಮೆಲೇ ಕುಸಿದರೆ ಮಿದುಳಿಗೆ ರಕ್ತವೇ ಸಾಲದೆ ಇನ್ನೊಂದು ಅನಾಹುತವಾಗುತ್ತದೆ.

ಕಾಸಿಮೇಡಿನವರಿಗೆ ರಾಯಪುರಂನ ಆರ್.ಎಸ್.ಆರ್.ಎಂ. ಸರ್ಕಾರಿ ಹೆರಿಗೆ ಆಸ್ಪತ್ರೆ ಮತ್ತು ಸ್ಟಾನ್ಲಿ ಆಸ್ಪತ್ರೆ ಹತ್ತಿರದಲ್ಲಿವೆ. ಹೊಸದಾಗಿ ಬಂದ ನಮ್ಮ ಕುಟುಂಬಗಳಿಗೆ ಅಲ್ಲಿ ತಮಿಳಿನಲ್ಲಿ ಹೇಳುವುದು ಕಷ್ಟವಾಗಬಹುದು. ಈ ನಾಲ್ಕು ಮಾತು ಬಾಯಿಪಾಠ ಮಾಡಿಕೊಳ್ಳಿ: ಫಿಟ್ಸ್‌ಗೆ ‘ವಲಿಪ್ಪು’, ತಲೆನೋವಿಗೆ ‘ತಲೈವಲಿ’, ಕಣ್ಣು ಕಾಣುತ್ತಿಲ್ಲ ಎನ್ನಲು ‘ಕಣ್ ತೆರಿಯಲೆ’, ಮಗು ಹುಟ್ಟಿ ಆರು ದಿನವಾಯಿತು ಎನ್ನಲು ‘ಕೊಳಂದೆ ಪೊರಂದು ಆರು ನಾಳ್ ಆಚ್ಚು’. ಕೊನೆಯದು ಬಹಳ ಮುಖ್ಯ. ಫಿಟ್ಸ್ ಬಂದ ಹೆಂಗಸು ಬಾಣಂತಿ ಎಂದು ತಿಳಿದ ಕೂಡಲೇ ಡಾಕ್ಟರು ಯೋಚಿಸುವ ದಾರಿ, ಕೊಡುವ ಔಷಧ ಎರಡೂ ಬದಲಾಗುತ್ತವೆ.

ನಮ್ಮ ಹೆಣ್ಣುಮಕ್ಕಳಲ್ಲಿ ಅನೇಕರು ಏಳನೆಯ ತಿಂಗಳಿಗೆ ಕರ್ನಾಟಕದ ತವರಿಗೆ ಹೋಗಿ, ಬಾಣಂತನ ಮುಗಿಸಿ ಚೆನ್ನೈಗೆ ಮರಳುತ್ತಾರೆ. ಅಲ್ಲಿಯ ತಾಯಿ ಕಾರ್ಡ್ ಒಂದು ಕಡೆ, ಇಲ್ಲಿಯ ತಪಾಸಣೆಯ ಪುಸ್ತಕ ಇನ್ನೊಂದು ಕಡೆ ಉಳಿದರೆ ಬಿ.ಪಿ. ಯಾವಾಗ ಏರಿತೆಂದು ಯಾರಿಗೂ ತಿಳಿಯದು. ಎರಡನ್ನೂ ಒಂದೇ ಚೀಲದಲ್ಲಿಟ್ಟು ಜೊತೆಗೆ ಕೊಂಡೊಯ್ಯಿರಿ.

ಆಸ್ಪತ್ರೆಯಲ್ಲಿ ಏನು ಮಾಡುತ್ತಾರೆ?

ಮೊದಲು ಉಸಿರು, ಬಿ.ಪಿ., ರಕ್ತದ ಸಕ್ಕರೆ ನೋಡುತ್ತಾರೆ. ಸಿ.ಟಿ. ಸ್ಕ್ಯಾನ್‌ನಲ್ಲಿ ರಕ್ತಸ್ರಾವ ಇದೆಯೇ ಎಂದು ತಿಳಿಯುತ್ತದೆ, ಆದರೆ ಈ ಊತ ಅದರಲ್ಲಿ ಕಾಣದೆಯೂ ಇರಬಹುದು. ಎಂ.ಆರ್.ಐ.ಯಲ್ಲಿ ಮಿದುಳಿನ ಹಿಂಭಾಗದ ಎರಡೂ ಬದಿ ಬೆಳ್ಳಗೆ ಕಾಣುತ್ತದೆ. ಅದೇ ಪರೀಕ್ಷೆಯ ಇನ್ನೊಂದು ಬಗೆಯ ಚಿತ್ರದಲ್ಲಿ ಇದು ಬರೀ ನೀರೋ, ರಕ್ತ ಸಿಗದೆ ಸತ್ತ ಭಾಗವೋ ಎಂದು ಬೇರ್ಪಡಿಸುತ್ತಾರೆ. ಬಾಣಂತಿಯರಲ್ಲಿ ಮಿದುಳಿನ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿಯೂ ಇವೇ ಲಕ್ಷಣ ಬರುತ್ತವೆ. ಅದರ ಚಿಕಿತ್ಸೆ ಪೂರಾ ಬೇರೆ. “ಒಂದು ಸ್ಕ್ಯಾನ್ ಆಯ್ತಲ್ಲ, ಮತ್ತೊಂದೇಕೆ?” ಎಂದು ಬೇಸರಿಸಬೇಡಿ.

ಚಿಕಿತ್ಸೆಗೆ ಮೂರು ಕಾಲು. ಮೊದಲನೆಯದು ಬಿ.ಪಿ. ಇಳಿಸುವುದು, ಅದೂ ಹಂತಹಂತವಾಗಿ. ಸಾಮಾನ್ಯವಾಗಿ ಮೊದಲ ಕೆಲವು ಗಂಟೆಗಳಲ್ಲಿ ನಾಲ್ಕನೆಯ ಒಂದು ಭಾಗಕ್ಕಿಂತ ಹೆಚ್ಚು ಇಳಿಸುವುದಿಲ್ಲ. “ಇನ್ನೂ 150 ಇದೆ, ಏನೂ ಮಾಡ್ತಿಲ್ಲ” ಎಂದು ಮನೆಯವರು ಆತಂಕಪಡುವುದುಂಟು. ಬೇಕೆಂದೇ ನಿಧಾನ ಮಾಡುತ್ತಿರುತ್ತಾರೆ.

ಎರಡನೆಯದು ಫಿಟ್ಸ್ ತಡೆಯುವುದು. ಇಲ್ಲಿ ನಮ್ಮ ಊರಿನದೇ ಒಂದು ಚರಿತ್ರೆಯಿದೆ. ಎಗ್ಮೋರಿನ ಸರ್ಕಾರಿ ಮಹಿಳಾ ಮತ್ತು ಮಕ್ಕಳ ಆಸ್ಪತ್ರೆಯ ಡಾ. ಎಂ. ಕೆ. ಕೃಷ್ಣ ಮೆನನ್ ಅವರು ನಂಜಿನ ಫಿಟ್ಸ್‌ಗೆ ಮೂರು ಔಷಧಗಳನ್ನು ಕೂಡಿಸಿ ರೋಗಿಯನ್ನು ಶಾಂತವಾಗಿಡುವ ಕ್ರಮವನ್ನು ರೂಢಿಸಿ 1961ರಲ್ಲಿ ಪ್ರಕಟಿಸಿದರು. ‘ಮೆನನ್ ಕ್ರಮ’ ಎಂದೇ ಅದು ದೇಶದಲ್ಲೆಲ್ಲ ದಶಕಗಳ ಕಾಲ ನಡೆಯಿತು. ಆಮೇಲೆ 1995ರಲ್ಲಿ ಹಲವು ದೇಶಗಳ ಅಧ್ಯಯನವೊಂದು, ಮತ್ತೆ ಫಿಟ್ಸ್ ಬಾರದಂತೆ ತಡೆಯುವುದರಲ್ಲಿ ಮೆಗ್ನೀಸಿಯಂ ಸಲ್ಫೇಟ್ ಇತರ ಎರಡು ಔಷಧಗಳಿಗಿಂತ ಮೇಲೆಂದು ತೋರಿಸಿತು. 2002ರಲ್ಲಿ 33 ದೇಶಗಳ ಹತ್ತು ಸಾವಿರಕ್ಕೂ ಹೆಚ್ಚು ಹೆಂಗಸರ ಮೇಲೆ ನಡೆದ ‘ಮ್ಯಾಗ್‌ಪೈ’ ಅಧ್ಯಯನ, ಬಿ.ಪಿ. ಏರಿ ನಂಜಿನ ಲಕ್ಷಣವಿದ್ದವರಿಗೆ ಮೊದಲೇ ಇದನ್ನು ಕೊಟ್ಟರೆ ಫಿಟ್ಸ್‌ನ ಅಪಾಯ ಅರ್ಧಕ್ಕಿಂತ ಕೆಳಗಿಳಿಯುತ್ತದೆಂದು ತಿಳಿಸಿತು. ಇಂದು ಎಲ್ಲೆಡೆ ನಂಜಿಗೆ ಇದೇ ಮೊದಲ ಔಷಧ. ಬೆಲೆಯೂ ಅಗ್ಗ.

ದೊಡ್ಡ ಆಸ್ಪತ್ರೆಗೆ ಕಳುಹಿಸುವ ಮೊದಲು ಸಣ್ಣ ಆಸ್ಪತ್ರೆಯಲ್ಲಿ ಎರಡೂ ಪಿರ್ರೆಗೆ ದೊಡ್ಡ ಚುಚ್ಚುಮದ್ದು ಕೊಡಬಹುದು. ನೋಯುತ್ತದೆ, ಆದರೂ ಬೇಡವೆನ್ನಬೇಡಿ. ದಾರಿಯಲ್ಲಿ ಅವಳನ್ನು ಕಾಯುವುದು ಅದೇ. ನರ್ಸ್ ಬಂದು ಮೊಣಕಾಲು ತಟ್ಟಿ ನೋಡುವುದು, ಉಸಿರು ಎಣಿಸುವುದು, ಮೂತ್ರ ಅಳೆಯುವುದು ಈ ಔಷಧ ಮೈಯಲ್ಲಿ ಹೆಚ್ಚಾಗದಿರಲಿ ಎಂದು. ಗರ್ಭಿಣಿ-ಬಾಣಂತಿಯರಲ್ಲದವರಿಗೆ ಫಿಟ್ಸ್‌ನ ಬೇರೆ ಔಷಧಗಳನ್ನು ಕೊಡುತ್ತಾರೆ.

ಮೂರನೆಯದು ಮೂಲ ಕಾರಣವನ್ನು ತೆಗೆಯುವುದು. ಗರ್ಭಿಣಿಗೆ ಹೆರಿಗೆ ಮಾಡಿಸುತ್ತಾರೆ, ಮೂತ್ರಪಿಂಡ ಸೋತವರಿಗೆ ಡಯಾಲಿಸಿಸ್, ಔಷಧ ಕಾರಣವಾದರೆ ಅದನ್ನು ನಿಲ್ಲಿಸುವುದು ಅಥವಾ ಬದಲಿಸುವುದು.

ಇಷ್ಟು ವೇಳೆಗೆ ನಡೆದರೆ ಹೆಚ್ಚಿನವರು ಕೆಲವು ದಿನಗಳಿಂದ ಒಂದೆರಡು ವಾರದೊಳಗೆ ಚೇತರಿಸಿಕೊಳ್ಳುತ್ತಾರೆ. ನಮ್ಮ ಉದಾಹರಣೆಯ ಸೊಸೆ ಮೂರನೆಯ ದಿನ ಮಗುವಿನ ಮುಖ ಕಂಡಳೆಂದು ಕಥೆ ಮುಗಿಸಬಹುದು, ಅಂಥವರು ಬೇಕಾದಷ್ಟು ಮಂದಿ ಇದ್ದಾರೆ. ತಡವಾದವರಲ್ಲಿ ಊತದ ಜಾಗದಲ್ಲಿ ರಕ್ತಸ್ರಾವವಾಗಬಹುದು, ನೋಟ ಪೂರ್ತಿ ಮರಳದಿರಬಹುದು, ಜೀವವೇ ಹೋಗಬಹುದು. ‘ವಾಸಿಯಾಗುವ’ ಎಂಬ ಮಾತಿಗೆ ಗಡುವಿದೆ.

ಮನೆಗೆ ಬಂದ ಮೇಲೆ

ಬಿ.ಪಿ. ಮಾತ್ರೆಯನ್ನು ಡಾಕ್ಟರು ನಿಲ್ಲಿಸುವವರೆಗೆ ನಿಲ್ಲಿಸಬೇಡಿ. ಹಾಲೂಡಿಸುವವರಿಗೆ ಹೊಂದುವ ಮಾತ್ರೆಗಳಿವೆ, ಕೇಳಿ ಬರೆಸಿಕೊಳ್ಳಿ. ಉಪ್ಪಿನಕಾಯಿ, ಹಪ್ಪಳ, ಒಣಮೀನು ಕಡಿಮೆಯಿರಲಿ. ಮುಂದಿನ ಬಸಿರಿನಲ್ಲಿ ಮೊದಲ ತಪಾಸಣೆಯಲ್ಲೇ ಹಿಂದಿನದನ್ನು ಹೇಳಿ. ನಂಜು ಮರುಕಳಿಸದಂತೆ ಸಣ್ಣ ಪ್ರಮಾಣದ ಆಸ್ಪಿರಿನ್ ಬೇಕೇ ಎಂದು ಅವರು ಮೂರನೆಯ ತಿಂಗಳ ಕೊನೆಗೇ ತೀರ್ಮಾನಿಸಬೇಕಾಗುತ್ತದೆ. ನಂಜು ಬಂದವರಿಗೆ ಮುಂದೆ ಬಿ.ಪಿ. ಮತ್ತು ಹೃದಯದ ತೊಂದರೆಯ ಸಂಭವ ಹೆಚ್ಚಿರುವುದರಿಂದ ವರ್ಷಕ್ಕೊಮ್ಮೆಯಾದರೂ ತಪಾಸಣೆ ಬೇಕು.

ಇನ್ನೊಂದು ಮಾತನ್ನು ಮನೆಯ ಹಿರಿಯರಲ್ಲಿ ಕೈಮುಗಿದು ಹೇಳಬೇಕಾಗಿದೆ. ಒಮ್ಮೆ ಹೀಗೆ ಫಿಟ್ಸ್ ಬಂದ ಸೊಸೆಯನ್ನು ‘ಮೂರ್ಛೆ ರೋಗದವಳು’ ಎಂದು ತವರಿಗೆ ಕಳುಹಿಸಬೇಡಿ. ಈ ಫಿಟ್ಸ್ ಊತದಿಂದ ಬಂದದ್ದು. ಊತ ಇಳಿದ ಮೇಲೆ ಹೆಚ್ಚಿನವರಿಗೆ ಮರಳುವುದಿಲ್ಲ, ಬದುಕಿಡೀ ಮಾತ್ರೆಯೂ ಬೇಕಾಗುವುದಿಲ್ಲ. ಮಿದುಳಿನ ಊತ ಇಳಿದರೂ ಬಾಯಿಂದ ಬಾಯಿಗೆ ಹರಡಿದ ಹೆಸರು ಇಳಿಯುವುದಿಲ್ಲ.

ಸಂಘದ ಕೋರಿಕೆ

ನೆರವಿಗೆ ಅರ್ಜಿ ಹಾಕುವ ಮೊದಲು ಆಸ್ಪತ್ರೆಯ ವಿಮಾ ಕೌಂಟರಿನಲ್ಲಿ ತಮಿಳುನಾಡು ಮುಖ್ಯಮಂತ್ರಿಗಳ ಸಮಗ್ರ ಆರೋಗ್ಯ ವಿಮಾ ಯೋಜನೆ ನಿಮಗೆ ಸಿಗುವುದೇ ಎಂದು ವಿಚಾರಿಸಿ. ಬಿ.ಪಿ. ಮಾತ್ರೆಗಳನ್ನು ಮನೆಬಾಗಿಲಿಗೆ ತಲುಪಿಸುವ ‘ಮಕ್ಕಳೈ ತೇಡಿ ಮರುತ್ತುವಂ’ ಯೋಜನೆ 2021ರಿಂದ ನಡೆಯುತ್ತಿದೆ. ಹಿರಿಯರ ಹೆಸರು ಬರೆಸಿ. ಅದರಿಂದಾಚೆಗೆ ಉಳಿಯುವ ಖರ್ಚಿಗೆ, ಅಂದರೆ ಹೊರಗೆ ತರಬೇಕಾದ ಔಷಧ, ಓಡಾಟ, ರೋಗಿಯ ಬಳಿ ಕೂತು ಕೂಲಿ ಕಳೆದುಕೊಂಡವರ ಊಟಕ್ಕೆ, ನಮ್ಮ ನೆರವು ನಿಧಿ ಇದೆ. ಆ ನಿಧಿ ತುಂಬುವುದು ನಿಮ್ಮಿಂದಲೇ.

ಹಣ ಕೊಡಲಾಗದವರು ಬೇರೆ ರೀತಿ ನೆರವಾಗಬಹುದು. ಮನೆಯಲ್ಲಿ ಬಿ.ಪಿ. ಯಂತ್ರವಿದ್ದರೆ ನಿಮ್ಮ ಬೀದಿಯ ಬಾಣಂತಿಗೆ ಮೊದಲ ಹತ್ತು ದಿನ ಬೆಳಿಗ್ಗೆ ಸಂಜೆ ನೋಡಿಕೊಡಿ. ತಮಿಳು ಚೆನ್ನಾಗಿ ಬಲ್ಲವರು ಆಸ್ಪತ್ರೆಗೆ ಜೊತೆಯಾಗಿ ಹೋಗಿ ಬನ್ನಿ. ಮಗುವನ್ನು ನೋಡಲು ಹೋದಾಗ “ಯಾರ ಹಾಗಿದೆ ಮಗು?” ಎಂದು ಕೇಳುವ ಮೊದಲು ತಾಯಿಯನ್ನು ಕೇಳಿ: “ತಲೆ ನೋಯ್ತಿದೆಯೇನಮ್ಮ? ಕಣ್ಣು ಸರಿಯಾಗಿ ಕಾಣ್ತಿದೆಯಾ?”